ಈಸ್ಟ್ರೋಜನ್ ರಿಸೆಪ್ಟರ್ ಆಂಟಿಬಾಡಿ ಸ್ಟೈನಿಂಗ್: ಬ್ಲಾಕ್‌ನಿಂದ ರಿಪೋರ್ಟ್‌ವರೆಗೆ ಹಂತ ಹಂತವಾಗಿ

ಸ್ಲೈಡ್ ಪೂರ್ತಿ ನೀಲಿ, ರಿಸೆಪ್ಟರ್ ಇದೆ ಎಂದು ತೋರಿಸಬೇಕಾದ ಕಂದು ಬಣ್ಣದ ಸುಳಿವೇ ಇಲ್ಲ. ಈಸ್ಟ್ರೋಜನ್ ರಿಸೆಪ್ಟರ್, ಅಂದರೆ ಇಆರ್ ಸ್ಟೈನಿಂಗ್ ಹೀಗೆ ಕೈಕೊಟ್ಟಾಗ ಹೆಚ್ಚಿನವರು ಮೊದಲು ಆಂಟಿಬಾಡಿ ಬಾಟಲಿಯನ್ನೇ ಅನುಮಾನಿಸುತ್ತಾರೆ. ಹೊಸ ಬಾಟಲಿ ತರಿಸುತ್ತಾರೆ, ಪ್ರಮಾಣ ಎರಡು ಪಟ್ಟು ಮಾಡುತ್ತಾರೆ, ಆಂಟಿಬಾಡಿ ಹಾಕಿದ ಸ್ಲೈಡನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿ ಇಟ್ಟು ನೋಡುತ್ತಾರೆ. ಮತ್ತೆ ಅದೇ ನೀಲಿ. ಬಹಳ ಸಲ ತಪ್ಪು ಆಂಟಿಬಾಡಿ ಹಾಕುವ ಮೊದಲೇ ಆಗಿಹೋಗಿರುತ್ತದೆ. ಫಾರ್ಮಾಲಿನ್‌ನಲ್ಲಿ ಇಟ್ಟ ಸಮಯ ಸರಿಯಿರುವುದಿಲ್ಲ, ಇಲ್ಲವೇ ಆಂಟಿಜೆನ್ ರಿಟ್ರೀವಲ್, ಅಂದರೆ ಆಂಟಿಬಾಡಿ ಹಿಡಿಯುವ ಜಾಗವನ್ನು ಬಿಸಿ ಬಫರ್‌ನಲ್ಲಿ ತೆರೆಯುವ ಕೆಲಸ, ಸಾಲದೆ ಹೋಗಿರುತ್ತದೆ.

ಈ ಪರೀಕ್ಷೆಯ ಫಲಿತಾಂಶ ನೋಡಿಯೇ ಸ್ತನ ಕ್ಯಾನ್ಸರ್ ಇರುವವರಿಗೆ ಟಮಾಕ್ಸಿಫೆನ್ ಅಥವಾ ಅರೋಮಟೇಸ್ ಇನ್‌ಹಿಬಿಟರ್‌ನಂಥ ಹಾರ್ಮೋನ್ ತಡೆಯುವ ಔಷಧ ಕೊಡಬೇಕೋ ಬೇಡವೋ ಎಂದು ವೈದ್ಯರು ನಿರ್ಧರಿಸುತ್ತಾರೆ. ಸುಳ್ಳು ನೆಗೆಟಿವ್ ಬಂದರೆ ಸಿಗಬೇಕಾದ ಚಿಕಿತ್ಸೆ ಸಿಗದೇ ಹೋಗಬಹುದು. ಹಾಗಾಗಿ ಇಲ್ಲಿ ಪ್ರತಿ ಹಂತದ ಕಾರಣವನ್ನೂ ಬರೆದಿದ್ದೇನೆ.

ಇದು ಫಾರ್ಮಾಲಿನ್‌ನಲ್ಲಿ ಫಿಕ್ಸ್ ಮಾಡಿ ಪ್ಯಾರಾಫಿನ್ ಬ್ಲಾಕ್ ಮಾಡಿದ ಮಾನವ ಅಂಗಾಂಶಕ್ಕೆ, ಕೈಯಿಂದ ಮಾಡುವ ವಿಧಾನ. ಮೆಷಿನ್ ಬಳಸುವವರಿಗೂ ತರ್ಕ ಇದೇ. ನಿಮ್ಮ ಆಂಟಿಬಾಡಿಯ ಜೊತೆ ಬಂದ ಸೂಚನಾ ಹಾಳೆಯಲ್ಲಿ ಬೇರೆ ಸಮಯ, ಬೇರೆ ಬಫರ್ ಇದ್ದರೆ ಅಲ್ಲಿಂದಲೇ ಶುರುಮಾಡಿ.

## ಬೇಕಾಗುವ ಸಾಮಾನು

ಪಾಸಿಟಿವ್ ಚಾರ್ಜ್ ಇರುವ ಸ್ಲೈಡ್‌ಗಳು, ಮೈಕ್ರೋಟೋಮ್, 60 ಡಿಗ್ರಿ ಓವನ್, ವಾಟರ್ ಬಾತ್ ಅಥವಾ ಪ್ರೆಶರ್ ಕುಕ್ಕರ್, ಪಿಎಚ್ ಮೀಟರ್, ತೇವ ಹಿಡಿದಿಡುವ ಮುಚ್ಚಳದ ಪೆಟ್ಟಿಗೆ, ಹೈಡ್ರೊಫೋಬಿಕ್ ಪೆನ್, ಮೈಕ್ರೋಪಿಪೆಟ್, ಟೈಮರ್. ದ್ರಾವಣಗಳಲ್ಲಿ ಕ್ಸೈಲೀನ್, ಆಲ್ಕೋಹಾಲ್, ರಿಟ್ರೀವಲ್ ಬಫರ್, ಟ್ವೀನ್ ಹಾಕಿದ ವಾಶ್ ಬಫರ್, ಹೈಡ್ರೋಜನ್ ಪೆರಾಕ್ಸೈಡ್, ಆಂಟಿಬಾಡಿ ಡೈಲ್ಯೂಯೆಂಟ್, ಪಾಲಿಮರ್ ಡಿಟೆಕ್ಷನ್ ಕಿಟ್ (ಹಿಡಿದುಕೊಂಡ ಆಂಟಿಬಾಡಿಯನ್ನು ಗುರುತಿಸಲು), ಡಿಎಬಿ (ಕಂದು ಬಣ್ಣಕ್ಕೆ), ಹೆಮಟಾಕ್ಸಿಲಿನ್ (ನೀಲಿ ಬಣ್ಣಕ್ಕೆ).

ಪಿಎಚ್ ಮೀಟರನ್ನು ಪಟ್ಟಿಯಲ್ಲಿ ಸುಮ್ನೆ ಸೇರಿಸಿಲ್ಲ. ಅದನ್ನು ಕ್ಯಾಲಿಬ್ರೇಟ್ ಮಾಡದೇ ಬಫರ್ ತಯಾರಿಸಿದರೆ ಮುಂದಿನ ಎಲ್ಲ ಶ್ರಮವೂ ವ್ಯರ್ಥವಾಗಬಹುದು.

## ಹಂತ 1: ಯಾವ ಆಂಟಿಬಾಡಿ ಎಂದು ಮೊದಲು ಖಚಿತ ಮಾಡಿಕೊಳ್ಳಿ

ಈಸ್ಟ್ರೋಜನ್ ರಿಸೆಪ್ಟರ್ ಎರಡು ಬಗೆ, ಆಲ್ಫಾ ಮತ್ತು ಬೀಟಾ. ಎರಡೂ ಬೇರೆ ಬೇರೆ ಜೀನ್‌ಗಳಿಂದ ಬರುತ್ತವೆ. ಚಿಕಿತ್ಸೆಗೆ ದಾರಿ ತೋರಿಸುವ ಇಆರ್ ಪರೀಕ್ಷೆ ಎಂದರೆ ಆಲ್ಫಾ. ಅದು 595 ಅಮೈನೋ ಆಮ್ಲಗಳ, ಸುಮಾರು 66 ಕಿಲೋಡಾಲ್ಟನ್ ತೂಕದ ಪ್ರೋಟೀನ್. ಕ್ಯಾಟಲಾಗ್‌ನಲ್ಲಿ ಬರೀ 'ಇಆರ್' ಎಂದಿದ್ದರೆ ಯಾವುದೆಂದು ಓದಿ ನೋಡಿ, ಆಮೇಲೆ ತರಿಸಿ.

ಬೀಟಾ ಆಂಟಿಬಾಡಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಹಳ ವರ್ಷ ಬಳಕೆಯಲ್ಲಿದ್ದ ಹಲವು ಬೀಟಾ ಆಂಟಿಬಾಡಿಗಳು ಬೇರೆ ಪ್ರೋಟೀನ್‌ಗಳನ್ನು ಹಿಡಿಯುತ್ತಿದ್ದವು ಎಂದು 2017ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ಅದರಲ್ಲಿ 13 ಆಂಟಿಬಾಡಿಗಳನ್ನು ನೋಡಿದ್ದರು. ನಿರ್ದಿಷ್ಟವಾಗಿ ಬೀಟಾವನ್ನೇ ಹಿಡಿದದ್ದು ಪಿಪಿಝಡ್0506 ಎಂಬ ಒಂದೇ ಕ್ಲೋನ್ (ಒಂದೇ ಮೂಲ ಕೋಶದಿಂದ ಬೆಳೆಸಿದ ಆಂಟಿಬಾಡಿ).

ಆಲ್ಫಾಗೆ ಹೆಚ್ಚಾಗಿ ಬಳಸುವ ಕ್ಲೋನ್‌ಗಳು ಎಸ್‌ಪಿ1, ಇಪಿ1, 6ಎಫ್11 ಮತ್ತು 1ಡಿ5. ಮೊದಲೆರಡು ಮೊಲದ ಮೋನೋಕ್ಲೋನಲ್, ಕೊನೆಯೆರಡು ಇಲಿಯವು. ಇದನ್ನು ನೆನಪಿಡಲೇಬೇಕು, ಯಾಕೆಂದರೆ ಇಆರ್ ಹಿಡಿಯುವ ಆಂಟಿಬಾಡಿ ಪ್ರೈಮರಿ, ಅದನ್ನು ಹಿಡಿಯುವ ಎರಡನೇ ಆಂಟಿಬಾಡಿ ಸೆಕೆಂಡರಿ, ಅದು ಪ್ರೈಮರಿಯ ಪ್ರಾಣಿಗೆ ಹೊಂದಬೇಕು. ಮೊಲದ ಪ್ರೈಮರಿಗೆ ಇಲಿಯ ಆಂಟಿಬಾಡಿಯನ್ನು ಮಾತ್ರ ಹಿಡಿಯುವ ಸೆಕೆಂಡರಿ ಹಾಕಿದರೆ ಸ್ಲೈಡ್‌ನಲ್ಲಿ ಏನೂ ಕಾಣುವುದಿಲ್ಲ. ಎರಡನ್ನೂ ಹಿಡಿಯುವ ಪಾಲಿಮರ್ ಕಿಟ್ ಇದ್ದರೆ ಈ ತೊಂದರೆಯೇ ಇರುವುದಿಲ್ಲ.

ಇನ್ನೊಂದು ಮಾತು. ವೆಸ್ಟರ್ನ್ ಬ್ಲಾಟ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿದ ಆಂಟಿಬಾಡಿ ಪ್ಯಾರಾಫಿನ್ ಸೆಕ್ಷನ್‌ನಲ್ಲೂ ಕೆಲಸ ಮಾಡುತ್ತದೆ ಎನ್ನುವಂತಿಲ್ಲ. ಪ್ಯಾರಾಫಿನ್ ಅಂಗಾಂಶಕ್ಕೆ ಪರೀಕ್ಷಿಸಿದ್ದು ಎಂದು ಹಾಳೆಯಲ್ಲಿ ಸ್ಪಷ್ಟವಾಗಿ ಇರಬೇಕು. ರೋಗಿಯ ರಿಪೋರ್ಟ್‌ಗಾದರೆ 'ಸಂಶೋಧನೆಗೆ ಮಾತ್ರ' ಎಂದು ಬರೆದ ಬಾಟಲಿ ಬೇಡ.

## ಹಂತ 2: ಅಂಗಾಂಶ ಹೇಗೆ ಬಂತು ಎಂದು ವಿಚಾರಿಸಿ

ಅಂಗಾಂಶ ದೇಹದಿಂದ ಹೊರಬಂದ ಕ್ಷಣದಿಂದಲೇ ಪರೀಕ್ಷೆ ಶುರುವಾಗಿದೆ ಎಂದುಕೊಳ್ಳಿ. ಅಮೆರಿಕದ ಆಸ್ಕೊ (ಕ್ಯಾನ್ಸರ್ ವೈದ್ಯರ ಸಂಘ) ಮತ್ತು ಸಿಎಪಿ (ಪೆಥಾಲಜಿಸ್ಟರ ಸಂಘ) ಸಂಸ್ಥೆಗಳ ಜಂಟಿ ಮಾರ್ಗಸೂಚಿ ಎರಡು ಗಡುವು ಹಾಕಿದೆ. ಹೊರತೆಗೆದ 1 ಗಂಟೆಯೊಳಗೆ ಅದು ಫಾರ್ಮಾಲಿನ್ ಸೇರಬೇಕು. 10 ಶೇಕಡಾ ನ್ಯೂಟ್ರಲ್ ಬಫರ್ಡ್ ಫಾರ್ಮಾಲಿನ್‌ನಲ್ಲಿ ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ ಇರಬೇಕು.

ಚಿಕ್ಕ ನೀಡಲ್ ಬಯಾಪ್ಸಿಗೆ 6 ಗಂಟೆ ಯಾಕೆ, ಬೇಗ ಮುಗಿಸಬಹುದಲ್ವಾ ಎಂದು ಹಲವರು ಕೇಳುತ್ತಾರೆ. ಮುಗಿಸಬಾರದು. ಫಾರ್ಮಾಲಿನ್ ಒಳಗೆ ಇಳಿಯುವುದು ಒಂದು ಕೆಲಸ, ಪ್ರೋಟೀನ್‌ಗಳನ್ನು ಬಿಗಿಯುವುದು ಇನ್ನೊಂದು. ಎರಡನೆಯದಕ್ಕೆ ತುಂಡು ಎಷ್ಟೇ ಚಿಕ್ಕದಾದರೂ ಸಮಯ ಬೇಕು. ಸಾಕಷ್ಟು ಬಿಗಿಯದ ಅಂಗಾಂಶ ಪ್ರೊಸೆಸರ್‌ನ ಆಲ್ಕೋಹಾಲ್‌ಗೆ ಹೋದಾಗ ಉಳಿದ ಫಿಕ್ಸೇಷನ್ ಅಲ್ಲೇ ಆಗುತ್ತದೆ. ಆಮೇಲೆ ಅದು ಫಾರ್ಮಾಲಿನ್ ಅಂಗಾಂಶದ ಹಾಗೆ ವರ್ತಿಸುವುದಿಲ್ಲ.

ದೊಡ್ಡ ಸ್ಪೆಸಿಮನ್ ಆದರೆ ಹಾಗೇ ಮುಳುಗಿಸಬೇಡಿ. ಗಡ್ಡೆಯ ಮಧ್ಯದ ಮೂಲಕ ಕೊಯ್ದು, ಸುಮಾರು 5 ಮಿಲಿಮೀಟರ್ ದಪ್ಪದ ಹೋಳು ಮಾಡಿ, ನಡುವೆ ಗಾಜ್ ಇಟ್ಟು ಫಾರ್ಮಾಲಿನ್‌ಗೆ ಹಾಕಿ. ಅಂಗಾಂಶದ ಹತ್ತು ಪಟ್ಟಾದರೂ ಫಾರ್ಮಾಲಿನ್ ಇರಲಿ.

ಎಚ್ಚರಿಕೆಯ ಗುರುತು: ಸೆಕ್ಷನ್‌ನ ಅಂಚಿನಲ್ಲಿ ಗಾಢ ಕಂದು, ಒಳಗೆ ಹೋದಂತೆ ಬಣ್ಣ ಮಾಯ. ಇಂಥದ್ದು ಕಂಡರೆ ಗಡ್ಡೆಯ ಗುಣ ಎಂದುಕೊಳ್ಳುವ ಮೊದಲು ಫಾರ್ಮಾಲಿನ್ ಮಧ್ಯಕ್ಕೆ ತಲುಪಿತ್ತೇ ಎಂದು ಕೇಳಿ.

ಮೂಳೆಯಿಂದ ಬಂದ ತುಂಡನ್ನು ಆಮ್ಲದಲ್ಲಿ ಮೆತ್ತಗೆ ಮಾಡಿದ್ದರೆ ಇಆರ್ ಹಾಳಾಗಿರಬಹುದು. ಆಮ್ಲದ ಬದಲು ಕ್ಯಾಲ್ಸಿಯಂ ಹಿಡಿದು ತೆಗೆಯುವ ಇಡಿಟಿಎ ಬಳಸಿದ್ದರೆ ಪರವಾಗಿಲ್ಲ, ನಿಧಾನವಾದರೂ ಅದು ಸೌಮ್ಯ. ಯಾವ ವಿಧಾನ ಎಂದು ಫಾರಂನಲ್ಲಿ ಬರೆಸಿಕೊಳ್ಳಿ.

## ಹಂತ 3: ಸೆಕ್ಷನ್ ಕತ್ತರಿಸುವುದು, ಒಣಗಿಸುವುದು

3ರಿಂದ 4 ಮೈಕ್ರಾನ್ ದಪ್ಪ. ದಪ್ಪ ಜಾಸ್ತಿಯಾದರೆ ಬಣ್ಣವೂ ಜಾಸ್ತಿ ಕಾಣುತ್ತದೆ, ಸ್ಲೈಡ್‌ನಿಂದ ಸ್ಲೈಡ್‌ಗೆ ಹೋಲಿಕೆ ಕೆಡುತ್ತದೆ. ಸ್ತನದ ಅಂಗಾಂಶದಲ್ಲಿ ಕೊಬ್ಬು ಹೆಚ್ಚು, ಹಾಗಾಗಿ ಸೆಕ್ಷನ್ ಸುಲಭವಾಗಿ ಏಳುತ್ತದೆ. ಚಾರ್ಜ್ ಇರುವ ಸ್ಲೈಡ್ ಬಿಟ್ಟು ಬೇರೆ ಬೇಡ. ನೀರು ಚೆನ್ನಾಗಿ ಇಳಿದ ಮೇಲೆ 60 ಡಿಗ್ರಿಯಲ್ಲಿ 1 ಗಂಟೆ ಇಡಿ. ಸೆಕ್ಷನ್ ಕೆಳಗೆ ನೀರಿನ ಹನಿ ಉಳಿದಿದ್ದರೆ ರಿಟ್ರೀವಲ್ ಬಿಸಿಯಲ್ಲಿ ಅಲ್ಲೇ ಗುಳ್ಳೆಯೇಳುತ್ತದೆ.

ಕತ್ತರಿಸಿಟ್ಟ ಸ್ಲೈಡ್‌ಗಳನ್ನು ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಇಡಬೇಡಿ. 6 ವಾರಕ್ಕಿಂತ ಹಳೆಯದನ್ನು ಇಆರ್‌ಗೆ ಬಳಸಬಾರದು ಎಂಬುದೇ ಮಾರ್ಗಸೂಚಿಯ ಮಾತು. ಕಂಟ್ರೋಲ್ ಸ್ಲೈಡ್‌ಗೂ, ಅಂದರೆ ಫಲಿತಾಂಶ ಮೊದಲೇ ಗೊತ್ತಿದ್ದು ಹೋಲಿಕೆಗೆ ಇಡುವ ಸ್ಲೈಡ್‌ಗೂ, ಇದೇ ಕಾಳಜಿ ಬೇಕು. ಅದನ್ನೇ ಎಲ್ಲರೂ ಮರೆಯುತ್ತಾರೆ.

## ಹಂತ 4: ಪ್ಯಾರಾಫಿನ್ ತೆಗೆಯುವುದು

ಕ್ಸೈಲೀನ್‌ನಲ್ಲಿ 5 ನಿಮಿಷದಂತೆ ಎರಡು ಸಲ, ಆಮೇಲೆ 100, 95, 70 ಶೇಕಡಾ ಆಲ್ಕೋಹಾಲ್, ಕೊನೆಗೆ ನೀರು. ನೀರಿಗೆ ಇಳಿಸಿದಾಗ ಸ್ಲೈಡ್ ಮೇಲೆ ಬಿಳಿ ಮಚ್ಚೆ ಕಂಡರೆ ಮೇಣ ಉಳಿದಿದೆ, ಹಿಂದಕ್ಕೆ ಕ್ಸೈಲೀನ್‌ಗೆ ಒಯ್ಯಿರಿ. ಇಲ್ಲಿಂದ ಕೊನೆಯವರೆಗೆ ಸ್ಲೈಡ್ ಒಂದು ಕ್ಷಣವೂ ಒಣಗಬಾರದು.

## ಹಂತ 5: ಆಂಟಿಜೆನ್ ರಿಟ್ರೀವಲ್

ಹೆಚ್ಚು ಜನ ಎಡವುವುದು ಇಲ್ಲೇ. ಫಾರ್ಮಾಲಿನ್ ಪ್ರೋಟೀನ್‌ಗಳ ನಡುವೆ ಗಂಟು ಹಾಕಿ ಆಂಟಿಬಾಡಿ ಹಿಡಿಯಬೇಕಾದ ಜಾಗವನ್ನು ಮುಚ್ಚಿರುತ್ತದೆ. ಬಿಸಿ ಬಫರ್ ಆ ಗಂಟು ಸಡಿಲಿಸುತ್ತದೆ. ಅದು ಸಡಿಲವಾಗದಿದ್ದರೆ ಎಷ್ಟೇ ಆಂಟಿಬಾಡಿ ಸುರಿದರೂ ಹಿಡಿಯಲು ಜಾಗ ಸಿಗುವುದಿಲ್ಲ.

ಎರಡು ಬಫರ್‌ಗಳು ಚಾಲ್ತಿಯಲ್ಲಿವೆ. ಪಿಎಚ್ 6ರ ಸಿಟ್ರೇಟ್ ಮತ್ತು ಪಿಎಚ್ 9ರ ಟ್ರಿಸ್ ಇಡಿಟಿಎ. ಹಾಳೆಯಲ್ಲಿ ಬೇರೆ ಹೇಳದಿದ್ದರೆ ಇಆರ್‌ಗೆ ನಾನು ಪಿಎಚ್ 9ರಿಂದಲೇ ಶುರುಮಾಡಿ ಎನ್ನುತ್ತೇನೆ. ಮಂದ ಇಆರ್ ಇರುವ ಗಡ್ಡೆಗಳು ಅದರಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. 1 ಲೀಟರ್‌ಗೆ ಟ್ರಿಸ್ ಬೇಸ್ 1.21 ಗ್ರಾಂ, ಡೈಸೋಡಿಯಂ ಇಡಿಟಿಎ 0.37 ಗ್ರಾಂ, ಟ್ವೀನ್ 20 ಅರ್ಧ ಮಿಲಿಲೀಟರ್. ಪಿಎಚ್ ಸರಿಮಾಡಿದ ಮೇಲೆ ಟ್ವೀನ್ ಹಾಕಿ.

ಕ್ರಮ ಹೀಗೆ:

1. ಬಫರನ್ನು ಮೊದಲು ಬಿಸಿ ಮಾಡಿ. 95ರಿಂದ 98 ಡಿಗ್ರಿಗೆ ಬಂದ ಮೇಲೆ ಸ್ಲೈಡ್ ಇಳಿಸಿ.
2. ಸ್ಲೈಡ್ ಇಳಿಸಿದಾಗ ಬಿಸಿ ಕುಸಿಯುತ್ತದೆ. ಮತ್ತೆ 95 ತಲುಪಿದ ಮೇಲೆ ಟೈಮರ್ ಒತ್ತಿ. 20ರಿಂದ 40 ನಿಮಿಷ.
3. ಪಾತ್ರೆಯನ್ನು ಹೊರತೆಗೆದು, ಸ್ಲೈಡ್ ಬಫರ್‌ನಲ್ಲೇ ಇರುವಂತೆ 20 ನಿಮಿಷ ತಣಿಯಲು ಬಿಡಿ.
4. ನಂತರವೇ ವಾಶ್ ಬಫರ್.

ವಾಟರ್ ಬಾತ್‌ನ ಡಿಸ್‌ಪ್ಲೇ 97 ತೋರಿಸುತ್ತಿದ್ದರೂ ಒಳಗಿನ ಜಾರ್‌ನಲ್ಲಿ ಅಷ್ಟು ಇರುವುದಿಲ್ಲ. ಥರ್ಮಾಮೀಟರನ್ನು ಸ್ಲೈಡ್ ಇರುವ ಜಾರ್‌ನೊಳಗೇ ಅದ್ದಿ ನೋಡಿ. ಸಮುದ್ರಮಟ್ಟಕ್ಕಿಂತ ಬಹಳ ಎತ್ತರದ ಊರಿನಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಅಲ್ಲಿ ಪ್ರೆಶರ್ ಕುಕ್ಕರ್ ಒಳ್ಳೆಯದು. ಕೊತಕೊತ ಕುದಿಸುವುದು ಬೇಡ, ಸೆಕ್ಷನ್ ಕಿತ್ತು ಬರುತ್ತದೆ. ಮೈಕ್ರೋವೇವ್ ಬಳಸುವವರು ಬಫರ್ ಇಂಗಿ ಸ್ಲೈಡ್‌ನ ಮೇಲ್ಭಾಗ ಗಾಳಿಗೆ ಬಿದ್ದಿದೆಯೇ ಎಂದು ಆಗಾಗ ನೋಡಬೇಕು. ಬಿದ್ದಿದ್ದರೆ ಆ ಸ್ಲೈಡನ್ನು ಬಿಟ್ಟುಬಿಡಿ.

ಬಿಸಿ ಜಾರ್‌ನಿಂದ ನೇರ ತಣ್ಣೀರಿಗೆ ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ಸಮಯ ಉಳಿಯುತ್ತದೆ ನಿಜ, ಆದರೆ ಫಲಿತಾಂಶ ದಿನಕ್ಕೊಂದು ತರಹ ಬರುತ್ತದೆ.

## ಹಂತ 6: ತಡೆ ಹಾಕುವುದು

ಕೆಂಪು ರಕ್ತಕಣಗಳಲ್ಲಿ, ಕೆಲವು ಬಿಳಿ ರಕ್ತಕಣಗಳಲ್ಲಿ ತಮ್ಮದೇ ಪೆರಾಕ್ಸಿಡೇಸ್ ಚಟುವಟಿಕೆ ಇರುತ್ತದೆ. ಅದನ್ನು ನಿಲ್ಲಿಸಲು 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ 5ರಿಂದ 10 ನಿಮಿಷ. ತೆರೆದಿಟ್ಟ ಹಳೆಯ ಬಾಟಲಿ ಶಕ್ತಿ ಕಳೆದುಕೊಂಡಿರುತ್ತದೆ. ನಂತರ ವಾಶ್, ಕಿಟ್‌ನಲ್ಲಿ ಪ್ರೋಟೀನ್ ಬ್ಲಾಕ್ ಇದ್ದರೆ ಅದು.

ಬಯೋಟಿನ್ ಆಧಾರಿತ ಹಳೆಯ ಕಿಟ್ ಬಳಸುತ್ತಿದ್ದರೆ ಬದಲಾಯಿಸಿ. ಬಿಸಿಯಲ್ಲಿ ಅಂಗಾಂಶದ ಸ್ವಂತ ಬಯೋಟಿನ್ ಹೊರಬಂದು ಸೈಟೊಪ್ಲಾಸಂ ಪೂರ್ತಿ ಕಂದಾಗುತ್ತದೆ. ಪಾಲಿಮರ್ ಕಿಟ್‌ನಲ್ಲಿ ಈ ಕಾಟ ಇಲ್ಲ.

ವಾಶ್ ಬಫರ್ ಕೆಡದಿರಲಿ ಎಂದು ಸೋಡಿಯಂ ಅಜೈಡ್ ಹಾಕಬೇಡಿ. ಅದು ಪಾಲಿಮರ್‌ಗೆ ಅಂಟಿರುವ, ಡಿಎಬಿಯನ್ನು ಕಂದಾಗಿಸುವ ಎಚ್‌ಆರ್‌ಪಿ ಕಿಣ್ವವನ್ನು ತಡೆಯುತ್ತದೆ, ಕೊನೆಗೆ ಬಣ್ಣವೇ ಬರುವುದಿಲ್ಲ.

## ಹಂತ 7: ಪ್ರೈಮರಿ ಆಂಟಿಬಾಡಿ

ಬಳಸಲು ಸಿದ್ಧವಾದ ಬಾಟಲಿಯಾದರೆ ಹನಿ ಹಾಕಿ, ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಹಾಳೆಯಲ್ಲಿ ಹೇಳಿದಷ್ಟು ಹೊತ್ತು ಇಡಿ. ಬಹುತೇಕ 30 ನಿಮಿಷ ಸಾಕು.

ಗಾಢ ದ್ರಾವಣವಾದರೆ ಟೈಟ್ರೇಷನ್, ಅಂದರೆ ಎಷ್ಟು ತೆಳು ಮಾಡಬೇಕೆಂಬ ಪರೀಕ್ಷೆ, ಮಾಡಲೇಬೇಕು. ಪಕ್ಕದ ಲ್ಯಾಬ್‌ನಲ್ಲಿ 1:100 ಚೆನ್ನಾಗಿ ಬಂತು ಎಂದು ನೀವೂ 1:100 ಹಾಕಿದರೆ ಆಗಲಿಲ್ಲ, ಅವರ ರಿಟ್ರೀವಲ್ ಬೇರೆ, ಕಿಟ್ ಬೇರೆ. 1:50, 1:100, 1:200, 1:400 ಹೀಗೆ ನಾಲ್ಕು ಪ್ರಮಾಣ ಮಾಡಿ. ಪ್ರತಿಯೊಂದನ್ನೂ ಮೂರು ಬಗೆಯ ಅಂಗಾಂಶದ ಮೇಲೆ ಹಾಕಿ: ಗಾಢ ಪಾಸಿಟಿವ್, ಮಂದ ಪಾಸಿಟಿವ್, ನೆಗೆಟಿವ್. ಮಂದ ಪಾಸಿಟಿವ್‌ನಲ್ಲಿ ಬಣ್ಣ ಸ್ಪಷ್ಟವಾಗಿದ್ದು ನೆಗೆಟಿವ್‌ನ ಹಿನ್ನೆಲೆ ಶುಭ್ರವಾಗಿರುವ ಪ್ರಮಾಣವೇ ನಿಮ್ಮದು. ಗಾಢ ಪಾಸಿಟಿವ್ ನೋಡಿ ಮಾತ್ರ ತೀರ್ಮಾನಿಸಬೇಡಿ. ಅದು ನಾಲ್ಕರಲ್ಲೂ ಚೆನ್ನಾಗಿಯೇ ಕಾಣುತ್ತದೆ.

ಲೆಕ್ಕ ಸುಲಭ. ಸ್ಲೈಡಿಗೆ 200 ಮೈಕ್ರೋಲೀಟರ್, 10 ಸ್ಲೈಡ್, ಸ್ವಲ್ಪ ಹೆಚ್ಚುವರಿ ಸೇರಿ 2200 ಮೈಕ್ರೋಲೀಟರ್ ಬೇಕು ಎನ್ನಿ. 1:100ಕ್ಕೆ 22 ಮೈಕ್ರೋಲೀಟರ್ ಆಂಟಿಬಾಡಿ, 2178 ಮೈಕ್ರೋಲೀಟರ್ ಡೈಲ್ಯೂಯೆಂಟ್. ಅಲುಗಾಡಿಸಿ ನೊರೆ ಬರಿಸಬೇಡಿ, ಪಿಪೆಟ್‌ನಿಂದ ಮೆಲ್ಲಗೆ ಕಲಸಿ.

ಪ್ರತಿ ಕೇಸಿಗೂ ಎರಡನೇ ಸ್ಲೈಡ್ ಒಂದು ಇರಲಿ. ಅದಕ್ಕೆ ಪ್ರೈಮರಿ ಬದಲು ಅದೇ ಪ್ರಾಣಿಯ ಸಾಮಾನ್ಯ ಇಮ್ಯುನೊಗ್ಲೋಬ್ಯುಲಿನ್ ಹಾಕಿ, ಉಳಿದದ್ದೆಲ್ಲ ಹಾಗೇ ಮಾಡಿ. ಅಲ್ಲೂ ಕಂದು ಬಂದರೆ ಆ ಬಣ್ಣ ಇಆರ್‌ನದ್ದಲ್ಲ.

ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಲಿ. ಮತ್ತೆ ಮತ್ತೆ ಫ್ರೀಜ್ ಮಾಡಿ ಕರಗಿಸುವುದು ಆಂಟಿಬಾಡಿಗೆ ಒಳ್ಳೆಯದಲ್ಲ. ಹೊಸ ಲಾಟ್ ಬಂದಾಗ ಹಳೆಯದರ ಜೊತೆ ಒಂದೇ ದಿನ, ಒಂದೇ ಬ್ಲಾಕ್ ಮೇಲೆ ಹೋಲಿಸಿ ನೋಡಿ, ಆಮೇಲೆ ಬಳಕೆಗೆ ತನ್ನಿ.

## ಹಂತ 8: ಪಾಲಿಮರ್, ಡಿಎಬಿ

ವಾಶ್ ಮಾಡಿ ಪಾಲಿಮರ್ ಹಾಕಿ, ಕಿಟ್ ಹೇಳಿದ ಸಮಯ ಪಾಲಿಸಿ, ಮತ್ತೆ ವಾಶ್. ವಾಶ್ ಎಂದರೆ 2ರಿಂದ 5 ನಿಮಿಷದಂತೆ ಎರಡು ಮೂರು ಸಲ, ಒಮ್ಮೆ ಅದ್ದಿ ತೆಗೆಯುವುದಲ್ಲ. ಡಿಎಬಿಯನ್ನು ಬಳಸುವ ಸ್ವಲ್ಪ ಮೊದಲು ಕಲಸಿ, 5ರಿಂದ 10 ನಿಮಿಷ ಇಡಿ.

ಒಂದೊಂದು ಸ್ಲೈಡನ್ನೂ ಕಣ್ಣಿನಲ್ಲಿ ನೋಡಿ 'ಇದಕ್ಕೆ ಸಾಕು, ಇದಕ್ಕೆ ಇನ್ನೊಂದು ನಿಮಿಷ' ಎನ್ನುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬಿಡಿ. ಹಾಗೆ ಮಾಡಿದರೆ ನೀವೇ ಫಲಿತಾಂಶ ಬರೆದಂತಾಯಿತು. ಮೊದಲು ಒಮ್ಮೆ ಕಂಟ್ರೋಲ್ ಮೇಲೆ ಸಮಯ ನಿಗದಿ ಮಾಡಿ. ಆಮೇಲೆ ಎಲ್ಲ ಸ್ಲೈಡಿಗೂ ಅದೇ ಸಮಯ.

ಡಿಎಬಿ ಕ್ಯಾನ್ಸರ್ ತರಬಹುದೆಂಬ ಶಂಕೆ ಇರುವ ರಾಸಾಯನಿಕ. ಗ್ಲೌಸ್ ಹಾಕಿ, ಉಳಿದದ್ದನ್ನು ಸಿಂಕ್‌ಗೆ ಚೆಲ್ಲಬೇಡಿ, ಬೇರೆ ಡಬ್ಬಿಯಲ್ಲಿ ಕೂಡಿಸಿ.

## ಹಂತ 9: ಹೆಮಟಾಕ್ಸಿಲಿನ್ ತೆಳುವಾಗಿರಲಿ

ಇಆರ್ ಇರುವುದು ನ್ಯೂಕ್ಲಿಯಸ್‌ನಲ್ಲಿ, ಹೆಮಟಾಕ್ಸಿಲಿನ್ ಹಿಡಿಯುವುದೂ ನ್ಯೂಕ್ಲಿಯಸನ್ನೇ. ನೀಲಿ ಗಾಢವಾದರೆ ಮಂದ ಕಂದು ಅದರಡಿ ಮುಚ್ಚಿಹೋಗುತ್ತದೆ, 2 ಶೇಕಡಾ ಪಾಸಿಟಿವ್ ಗಡ್ಡೆ ನೆಗೆಟಿವ್ ಆಗಿಬಿಡುತ್ತದೆ. 30 ಸೆಕೆಂಡಿನಿಂದ ಶುರುಮಾಡಿ. ನಂತರ ನೀರು, ಆಲ್ಕೋಹಾಲ್, ಕ್ಸೈಲೀನ್, ಕವರ್ ಸ್ಲಿಪ್.

## ಹಂತ 10: ಮೊದಲು ಕಂಟ್ರೋಲ್ ನೋಡಿ, ಆಮೇಲೆ ರೋಗಿಯ ಸ್ಲೈಡ್

ಈ ಕ್ರಮ ತಪ್ಪಿಸಬೇಡಿ. ರೋಗಿಯ ಸ್ಲೈಡ್ ಮೊದಲು ನೋಡಿದರೆ ಮನಸ್ಸು ಆಗಲೇ ಒಂದು ತೀರ್ಮಾನಕ್ಕೆ ಬಂದಿರುತ್ತದೆ.

ಗರ್ಭಕಂಠದ ಅಂಗಾಂಶ ಒಳ್ಳೆಯ ಪಾಸಿಟಿವ್ ಕಂಟ್ರೋಲ್. ಕಂಬದಾಕಾರದ ಎಪಿಥೀಲಿಯಂ, ಸ್ಕ್ವೇಮಸ್ ಪದರದ ತಳದ ಕೋಶಗಳು, ಸ್ಟ್ರೋಮಾ ಕೋಶಗಳು ಸ್ಪಷ್ಟವಾಗಿ ಕಂದಾಗಬೇಕು. ರಕ್ತನಾಳದ ಒಳಪದರ ಮತ್ತು ಲಿಂಫೋಸೈಟ್‌ಗಳು ನೀಲಿಯಾಗೇ ಉಳಿಯಬೇಕು. ಪಕ್ಕದಲ್ಲಿ ಟಾನ್ಸಿಲ್ ಇಡಿ. ಅದರಲ್ಲಿ ಜರ್ಮಿನಲ್ ಸೆಂಟರ್‌ನ ಚದುರಿದ ಕೆಲವು ಕೋಶಗಳಿಗೆ ಮತ್ತು ಸ್ಕ್ವೇಮಸ್ ಎಪಿಥೀಲಿಯಂನ ಕೆಲವಕ್ಕೆ ಮಂದದಿಂದ ಮಧ್ಯಮ ಬಣ್ಣ ಬರಬೇಕು, ಸುತ್ತಲಿನ ಬಿ ಕೋಶಗಳಿಗೆ ಬರಬಾರದು. ಟಾನ್ಸಿಲ್‌ನ ಆ ಮಂದ ಕೋಶಗಳು ಕಾಣದಿದ್ದರೆ ಪರೀಕ್ಷೆಯ ಸೂಕ್ಷ್ಮತೆ ಇಳಿದಿದೆ. ಗಾಢ ಕಂಟ್ರೋಲ್ ಒಂದನ್ನೇ ನಂಬಿದವರಿಗೆ ಈ ಇಳಿತ ಕಾಣುವುದೇ ಇಲ್ಲ.

ರೋಗಿಯ ಸ್ಲೈಡ್‌ನಲ್ಲೇ ಇರುವ ಸಹಜ ನಾಳಗಳು (ಸ್ತನದ ಹಾಲಿನ ನಾಳಗಳು) ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ, ಅವೂ ಅದೇ ಫಾರ್ಮಾಲಿನ್, ಅದೇ ಬಿಸಿ ಕಂಡಿವೆ. ಅಲ್ಲಿ ಒಳಪದರದ ಕೆಲವು ಕೋಶಗಳು ಕಂದು, ಕೆಲವು ನೀಲಿ, ಬಣ್ಣದ ತೀವ್ರತೆಯೂ ಹೆಚ್ಚುಕಮ್ಮಿ ಇರಬೇಕು. ಒಂದೂ ಕಂದಾಗದಿದ್ದರೆ ಗಡ್ಡೆಯ ನೆಗೆಟಿವ್ ಫಲಿತಾಂಶವನ್ನು ಒಪ್ಪಬೇಡಿ.

## ಹಂತ 11: ಎಣಿಕೆ

ನ್ಯೂಕ್ಲಿಯಸ್‌ನ ಬಣ್ಣ ಮಾತ್ರ ಲೆಕ್ಕಕ್ಕೆ. ಸೈಟೊಪ್ಲಾಸಂ ಕಂದಾಗಿದ್ದರೆ ಬಿಟ್ಟುಬಿಡಿ. ಆಕ್ರಮಣಕಾರಿ ಗಡ್ಡೆಯ ಕೋಶಗಳನ್ನು ಮಾತ್ರ ಎಣಿಸಿ. ಸಹಜ ನಾಳ, ನಾಳದೊಳಗೇ ಇರುವ ಕ್ಯಾನ್ಸರ್, ಸತ್ತ ಅಂಗಾಂಶ, ಜಜ್ಜಿದ ಅಂಚು ಇವೆಲ್ಲ ಹೊರಗೆ.

ಆಸ್ಕೊ ಮತ್ತು ಸಿಎಪಿಯ 2020ರ ಮಾರ್ಗಸೂಚಿ ಪ್ರಕಾರ 1 ಶೇಕಡಾಕ್ಕಿಂತ ಕಡಿಮೆ ನೆಗೆಟಿವ್, 1ರಿಂದ 10 ಶೇಕಡಾ 'ಕಡಿಮೆ ಪಾಸಿಟಿವ್', 10ಕ್ಕಿಂತ ಹೆಚ್ಚು ಪಾಸಿಟಿವ್. ತೀವ್ರತೆ ಎಷ್ಟೇ ಮಂದವಾಗಿದ್ದರೂ ಶೇಕಡಾ ಲೆಕ್ಕ ನಿಲ್ಲುತ್ತದೆ.

ಪ್ರಮಾಣ, ತೀವ್ರತೆ ಎರಡನ್ನೂ ಅಂಕವಾಗಿ ಕೂಡಿಸುವ ಆಲ್‌ರೆಡ್ ಸ್ಕೋರ್ ಕೇಳುವವರೂ ಇದ್ದಾರೆ. ಅದರಲ್ಲಿ ಪ್ರಮಾಣಕ್ಕೆ 0ರಿಂದ 5, ತೀವ್ರತೆಗೆ 0ರಿಂದ 3 ಅಂಕ. 40 ಶೇಕಡಾ ಕೋಶಗಳಿಗೆ ಮಧ್ಯಮ ಬಣ್ಣ ಬಂದಿದ್ದರೆ 4 ಮತ್ತು 2 ಸೇರಿ 6. ಎಚ್ ಸ್ಕೋರ್‌ನಲ್ಲಾದರೆ ಮಂದದ ಶೇಕಡಾವನ್ನು 1ರಿಂದ, ಮಧ್ಯಮದ್ದನ್ನು 2ರಿಂದ, ಗಾಢದ್ದನ್ನು 3ರಿಂದ ಗುಣಿಸಿ ಕೂಡಿಸುತ್ತಾರೆ. ಮಂದ 30 ಶೇಕಡಾ, ಮಧ್ಯಮ 20, ಗಾಢ 10 ಇದ್ದಾಗ 30, 40, 30 ಕೂಡಿ 100 ಬರುತ್ತದೆ. ಗರಿಷ್ಠ 300.

ಬರೀ ಆಲ್‌ರೆಡ್ ಅಂಕ ಬರೆದು ಬಿಡಬೇಡಿ. 1 ಶೇಕಡಾಕ್ಕಿಂತ ಕಡಿಮೆ ಕೋಶಗಳಿಗೆ ಮಧ್ಯಮ ಬಣ್ಣವಿದ್ದರೆ ಅಲ್ಲಿ 3 ಅಂಕ ಬಂದು ಪಾಸಿಟಿವ್ ಆಗುತ್ತದೆ. ಶೇಕಡಾ ಲೆಕ್ಕದಲ್ಲಿ ಅದೇ ಗಡ್ಡೆ ನೆಗೆಟಿವ್. ಓದುವ ವೈದ್ಯರಿಗೆ ಶೇಕಡಾ, ತೀವ್ರತೆ ಎರಡೂ ಕಾಣಬೇಕು.

## ಏನೋ ಸರಿಯಿಲ್ಲ ಅನಿಸಿದಾಗ

ಕಂಟ್ರೋಲ್, ರೋಗಿ ಎರಡೂ ನೀಲಿ: ಒಂದು ದ್ರಾವಣ ಬಿಟ್ಟುಹೋಗಿದೆ, ಸೆಕೆಂಡರಿ ಹೊಂದಿಲ್ಲ, ಅಜೈಡ್ ಸೇರಿದೆ, ಅಥವಾ ಡಿಎಬಿ ಕೆಟ್ಟಿದೆ. ಡಿಎಬಿಯನ್ನು ಪರೀಕ್ಷಿಸಲು ಒಂದು ಹನಿ ಪಾಲಿಮರನ್ನು ಕಲಸಿದ ಡಿಎಬಿಗೆ ಹಾಕಿ. ಕೂಡಲೇ ಕಂದಾಗಬೇಕು.

ಕಂಟ್ರೋಲ್ ಸರಿ, ರೋಗಿಯ ಸಹಜ ನಾಳವೂ ನೀಲಿ: ಫಿಕ್ಸೇಷನ್ ಕಡೆ ನೋಡಿ. ಬೇರೆ ಬ್ಲಾಕ್ ಕೇಳಿ.

ಅಂಚಿನಲ್ಲಿ ಮಾತ್ರ ಎಲ್ಲ ಕೋಶವೂ ಕಂದು: ಸ್ಲೈಡ್ ಒಣಗಿದೆ. ಈ ಭಾಗ ಎಣಿಸಬೇಡಿ. ಫಿಕ್ಸೇಷನ್ ಕೊರತೆಯಲ್ಲಾದರೆ ಕಂದು ನ್ಯೂಕ್ಲಿಯಸ್‌ನಲ್ಲೇ ಇರುತ್ತದೆ. ಒಣಗಿದ ಸ್ಲೈಡ್‌ನಲ್ಲಿ ಸ್ಟ್ರೋಮಾ, ಸೈಟೊಪ್ಲಾಸಂ ಎಲ್ಲಕ್ಕೂ ಹರಡಿರುತ್ತದೆ.

ಲಿಂಫೋಸೈಟ್ ಕಂದು, ಸಹಜ ನಾಳದ ಪ್ರತಿ ಕೋಶವೂ ಗಾಢ: ಆಂಟಿಬಾಡಿ ಅಥವಾ ರಿಟ್ರೀವಲ್ ಅತಿಯಾಗಿದೆ. ಇದನ್ನು ಒಳ್ಳೆಯ ಸ್ಟೈನಿಂಗ್ ಎಂದು ಮೆಚ್ಚಿಕೊಳ್ಳುವವರಿದ್ದಾರೆ. ಇದು ಸುಳ್ಳು ಪಾಸಿಟಿವ್‌ಗೆ ದಾರಿ.

ಗಡ್ಡೆಯ ಬಗೆಗೂ ಫಲಿತಾಂಶಕ್ಕೂ ಹೊಂದುವುದಿಲ್ಲ: ಟ್ಯೂಬ್ಯುಲರ್, ಮ್ಯೂಸಿನಸ್, ಸಾಮಾನ್ಯ ಲೋಬ್ಯುಲರ್, ಗ್ರೇಡ್ 1 ಡಕ್ಟಲ್ ಗಡ್ಡೆಗಳು ಬಹುತೇಕ ಯಾವಾಗಲೂ ಇಆರ್ ಪಾಸಿಟಿವ್. ಇವುಗಳಲ್ಲಿ ನೆಗೆಟಿವ್ ಬಂದರೆ ಸಹಿ ಹಾಕುವ ಮೊದಲು ಮತ್ತೊಮ್ಮೆ ಮಾಡಿ. ಇಆರ್ ನೆಗೆಟಿವ್, ಪ್ರೊಜೆಸ್ಟರಾನ್ ರಿಸೆಪ್ಟರ್ ಪಾಸಿಟಿವ್ ಎಂಬ ಜೋಡಿ ಬಂದಾಗಲೂ ಹಾಗೇ.

## ಹಂತ 12: ಬಳಕೆಗೆ ತರುವ ಮೊದಲು, ರಿಪೋರ್ಟ್ ಬರೆಯುವಾಗ

ಹೊಸ ಕ್ಲೋನ್, ಹೊಸ ರಿಟ್ರೀವಲ್ ಅಥವಾ ಹೊಸ ಕಿಟ್ ಬಂದರೆ ಮೊದಲು ವ್ಯಾಲಿಡೇಷನ್, ಅಂದರೆ ಗೊತ್ತಿರುವ ಕೇಸುಗಳ ಮೇಲೆ ಪರೀಕ್ಷಿಸಿ ನೋಡುವುದು. ಇಂಥ ಪರೀಕ್ಷೆಗಳಿಗೆ ಸಿಎಪಿ ಹೇಳಿದ್ದು ಕನಿಷ್ಠ 20 ಪಾಸಿಟಿವ್, 20 ನೆಗೆಟಿವ್ ಕೇಸು, ಈಗಾಗಲೇ ಪರೀಕ್ಷಿತವಾದ ವಿಧಾನದ ಜೊತೆ ಕನಿಷ್ಠ 90 ಶೇಕಡಾ ಹೊಂದಾಣಿಕೆ. ಪಾಸಿಟಿವ್‌ಗಳನ್ನು ಆರಿಸುವಾಗ ಎಲ್ಲವನ್ನೂ ಗಾಢವಾದವನ್ನೇ ತೆಗೆದುಕೊಳ್ಳಬೇಡಿ. ಮಂದವಾದವು ಇಲ್ಲದ ವ್ಯಾಲಿಡೇಷನ್‌ನಲ್ಲಿ ಎಲ್ಲ ಆಂಟಿಬಾಡಿಯೂ ಪಾಸಾಗುತ್ತದೆ.

ರಿಪೋರ್ಟ್‌ನಲ್ಲಿ ಶೇಕಡಾ, ತೀವ್ರತೆ, ಕ್ಲೋನ್ ಹೆಸರು, ಫಾರ್ಮಾಲಿನ್‌ಗೆ ಹಾಕುವವರೆಗಿನ ಸಮಯ, ಫಿಕ್ಸೇಷನ್ ಗಂಟೆಗಳು, ಹೊರಗಿನ ಮತ್ತು ಒಳಗಿನ ಕಂಟ್ರೋಲ್‌ಗಳ ಸ್ಥಿತಿ ಇರಲಿ. ಫಲಿತಾಂಶ 10 ಶೇಕಡಾ ಅಥವಾ ಅದಕ್ಕಿಂತ ಕಡಿಮೆಯಿದ್ದು ಸ್ಲೈಡ್‌ನಲ್ಲಿ ಸಹಜ ನಾಳವೇ ಇಲ್ಲದಿದ್ದರೆ ಅದನ್ನು ತಪ್ಪದೇ ಬರೆಯಿರಿ, ಸಾಧ್ಯವಿದ್ದರೆ ಸಹಜ ನಾಳ ಇರುವ ಇನ್ನೊಂದು ಬ್ಲಾಕ್ ಮೇಲೆ ಮತ್ತೆ ಮಾಡಿ. ನೀಡಲ್ ಬಯಾಪ್ಸಿಯಲ್ಲಿ ಸಂಶಯ ಉಳಿದರೆ ಶಸ್ತ್ರಚಿಕಿತ್ಸೆಯ ಸ್ಪೆಸಿಮನ್ ಬಂದಾಗ ಮರುಪರೀಕ್ಷೆ ಆಗಲಿ ಎಂದು ರಿಪೋರ್ಟ್‌ನಲ್ಲೇ ಹೇಳಿ.